ಹೆಗ್ಡೆಯವರ ರೇಡಿಯೋಗೆ ಸ್ಪಿರಿಟ್ ಸ್ನಾನ

ಸುಧಾಕರ ಶೆಟ್ಟಿಗೆ ರೇಡಿಯೋಗಳ ಮೇಲೆ ಯಾವ ತಕರಾರೂ ಇರಲಿಲ್ಲ. ಅವು ವರ್ಷದಿಂದ ವರ್ಷಕ್ಕೆ ಚಿಕ್ಕವಾಗುತ್ತ ಬಂದವಲ್ಲ, ತಕರಾರು ಅದರ ಮೇಲೆ.

ಸೈನ್ಯದ ಸಿಗ್ನಲ್ಸ್ ದಳದಲ್ಲಿ ಅವನು ಕೈ ಪಳಗಿಸಿಕೊಂಡ ರೇಡಿಯೋಗಳು ರೇಡಿಯೋಗಳ ಹಾಗಿದ್ದವು. ಎತ್ತಬೇಕಾದರೆ ಇಬ್ಬರು ಬೇಕು. ಹಿಂದಿನ ಬಾಗಿಲು ತೆಗೆದರೆ ಒಳಗೆ ಗುಳ್ಳ ಬದನೆಯಂಥ ವಾಲ್ವುಗಳು, ನಡುವೆ ಬಳ್ಳಿಗಳಂತೆ ತಂತಿಗಳು, ಮೊಣಕೈವರೆಗೆ ಕೈ ಆಡಿಸುವಷ್ಟು ಧಾರಾಳ ಜಾಗ. ಬೆಸುಗೆ ಸ್ವಲ್ಪ ಹೆಚ್ಚು ಬಿದ್ದರೆ ಬೀಳಲಿ, ಕೇಳುವವರಿಲ್ಲ. ಆ ಧೈರ್ಯದ ಮೇಲೆಯೇ ಅವನು ಸೈನ್ಯ ಬಿಟ್ಟು ಬಂದು, ಗುರುವಾಯನಕೆರೆ ಪೇಟೆಯಲ್ಲಿ ಮೂಡುಬಿದಿರೆ ಬಸ್ಸು ನಿಲ್ಲುವಲ್ಲಿಗೆ ಎದುರಾಗಿ ಮನೆ ಹಿಡಿದು, ಮುಂದಿನ ಕೋಣೆಯನ್ನು ರಿಪೇರಿ ಅಂಗಡಿ ಮಾಡಿಕೊಂಡು ಕೂತಿದ್ದ. ಊರಲ್ಲಿ ರೇಡಿಯೋ ಹೆಚ್ಚುತ್ತಿವೆ. ಹೆಚ್ಚಿದ ಮೇಲೆ ಕೆಡಲೇಬೇಕು. ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ.

ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂತು.

ಅದನ್ನು ಬಿಚ್ಚಿದರೆ ಒಳಗೆ ತಂತಿಯೇ ಇಲ್ಲ. ಅಂಗೈಯಷ್ಟು ಹಲಗೆ. ಅದರ ಮೇಲೆ ತಾಮ್ರದ ಗೆರೆಗಳನ್ನು ಮದುವೆ ಕಾಗದದ ಹಾಗೆ ಅಚ್ಚು ಹಾಕಿಟ್ಟಿದ್ದರು. ಒಂದು ಗೆರೆಗೂ ಪಕ್ಕದ ಗೆರೆಗೂ ನಡುವೆ ಇರುವೆ ಅಡ್ಡಡ್ಡ ಮಲಗಿದರೆ ಮುಗಿಯಿತು. ಇದ್ದಿಲ ಒಲೆಯಲ್ಲಿ ಕಾಯಿಸಿದ ತನ್ನ ಬೆಸುಗೆ ಕಬ್ಬಿಣವನ್ನು ಹಿಡಿದು ಸುಧಾಕರ ಅದರ ಮುಂದೆ ಕೂತರೆ ಕೊಡಲಿಯಿಂದ ಉಗುರು ಕತ್ತರಿಸಲು ಹೊರಟವನ ಹಾಗೆ ಕಾಣುತ್ತಿದ್ದ. (ಹೀಗೆಂದವಳು ಅವನ ಹೆಂಡತಿ ಜಲಜಾಕ್ಷಿ. ಮೂಡುಬಿದಿರೆಯಲ್ಲಿ ಹೈಸ್ಕೂಲು ಮುಗಿಸಿದವಳಾದ್ದರಿಂದ ಅವಳ ಬಾಯಲ್ಲಿ ಉಪಮೆಗಳಿಗೆ ಬರ ಇರಲಿಲ್ಲ.)

ಆದರೂ ಅವನು ಕಲಿತ. ಕಬ್ಬಿಣದ ತುದಿಯನ್ನು ಅರದಿಂದ ಉಜ್ಜಿ ಉಜ್ಜಿ ಸೂಜಿ ಮಾಡಿಕೊಂಡ. ಮಾವ ಸಂಕಪ್ಪ ಹೆಗ್ಡೆಯವರ ಟ್ರಾನ್ಸಿಸ್ಟರ್‌ನಲ್ಲಿ ಬ್ಯಾಟರಿಯ ತಂತಿ ಕಿತ್ತುಹೋದಾಗ ಅದನ್ನು ಬೆಸೆದುಕೊಟ್ಟದ್ದು ಅವನ ಮೊದಲ ದಿಗ್ವಿಜಯ. ಈ ವಿಜಯಕ್ಕೆ ರೇಡಿಯೋಗಿಂತ ದೊಡ್ಡ ಅರ್ಥ ಇತ್ತು. ನಾರಾವಿಯ ಹೆಗ್ಡೆಯವರು ಗಂಭೀರ ಮನುಷ್ಯ. ಮಾತು ಕಡಿಮೆ, ನೋಟ ಹೆಚ್ಚು. ತಾಲೂಕಿನ ಪಾನನಿರೋಧ ಸಮಿತಿಯ ಅಧ್ಯಕ್ಷರು ಬೇರೆ. ಮಗಳನ್ನು ಮಿಲಿಟರಿಯವನಿಗೆ ಕೊಟ್ಟೆ ಎಂದು ಅವರು ನಾಲ್ಕು ಜನರಲ್ಲಿ ಹೇಳಿಕೊಳ್ಳುತ್ತಿದ್ದ ಕಾಲದಲ್ಲೇ ಅಳಿಯ ಮಿಲಿಟರಿ ಬಿಟ್ಟು ಬಂದಿದ್ದ. ಅಂದಿನಿಂದ ಅವರು ಅಳಿಯನ ಉದ್ಯೋಗದ ಸುದ್ದಿ ಎತ್ತುತ್ತಲೇ ಇರಲಿಲ್ಲ. ಬೊಂಬಾಯಿಯಲ್ಲಿದ್ದ ಮಗ ಕಳಿಸಿದ ರೇಡಿಯೋವನ್ನು ತಾವಾಗಿ ತಂದು ಅಳಿಯನ ಕೈಯಲ್ಲಿಟ್ಟದ್ದೇ ಒಂದು ದೊಡ್ಡ ಸಂಗತಿ.

ಬೇಸಗೆಯಲ್ಲಿ ಅದು ಚೆನ್ನಾಗಿಯೇ ಹಾಡಿತು. ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಹೆಗ್ಡೆಯವರು ಬಸ್ಸಿಳಿದು, ಕೊಡೆ ಮಡಚಿ, ಅಂಗಡಿಯ ಬೆಂಚಿನ ಮೇಲೆ ಕೂತರು. ರೇಡಿಯೋವನ್ನು ಮೇಜಿನ ಮೇಲಿಟ್ಟು ಗುಂಡಿಯ ಕಿವಿ ತಿರುಗಿಸಿದರು. ವಾರ್ತೆ ಓದುವವರ ಧ್ವನಿಯ ಹಿಂದೆ ಯಾರೋ ದೊಡ್ಡ ಬಾಣಲೆಯಲ್ಲಿ ಕಡಲೆ ಹುರಿಯುತ್ತಿದ್ದರು.

"ನೀವು ಕೈ ಹಾಕುವ ಮೊದಲು ಇದು ಇರಲಿಲ್ಲ," ಎಂದರು ಹೆಗ್ಡೆಯವರು. ಅಷ್ಟೇ. ಒಳಗಿಂದ ಮಗಳು ತಂದುಕೊಟ್ಟ ಬೆಲ್ಲದ ಕಾಫಿ ಕುಡಿದು, ರೇಡಿಯೋವನ್ನು ಅಲ್ಲೇ ಬಿಟ್ಟು, ಮುಂದಿನ ಬಸ್ಸಿಗೆ ಹೋದರು.

ಸುಧಾಕರ ಹಲಗೆ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದ. ತಪ್ಪು ಬೆಸುಗೆಯದಲ್ಲ, ಫ್ಲಕ್ಸಿನದು. ಬೆಸುಗೆ ಹಿಡಿಯಬೇಕಾದರೆ ಬರೀ ತವರ ಸಾಲದು, ಜೊತೆಗೆ ಈ ಫ್ಲಕ್ಸ್ ಎಂಬ ರಾಳದ ಅಂಟು ಬೇಕು. ಬಿಸಿ ತಾಗಿದಾಗ ಅದು ಕರಗಿ, ತಾಮ್ರದ ಮೇಲಿನ ಕಿಲುಬನ್ನು ಓಡಿಸಿ, ತಾಮ್ರಕ್ಕೂ ತವರಕ್ಕೂ ಸಂಬಂಧ ಕುದುರಿಸುತ್ತದೆ. ಕೆಲಸ ಆದ ಮೇಲೆ ಹೋಗಬೇಕಲ್ಲ? ಹೋಗುವುದಿಲ್ಲ. ಮದುವೆ ಮುಗಿದರೂ ಊಟಕ್ಕೆ ನಿಂತ ದಲ್ಲಾಳಿಯ ಹಾಗೆ ಅಲ್ಲೇ ಕಂದು ಬಣ್ಣದಲ್ಲಿ ಠಿಕಾಣಿ ಹೂಡುತ್ತದೆ. ದೊಡ್ಡ ರೇಡಿಯೋದಲ್ಲಿ ಅದು ಒಂದು ಮೂಲೆಯಲ್ಲಿ ಬಿದ್ದುಕೊಂಡಿರುತ್ತಿತ್ತು. ಈ ಪುಟ್ಟ ಹಲಗೆಯಲ್ಲಿ ಎರಡು ಗೆರೆಗಳ ನಡುವೆ ಹರಡಿಕೊಂಡು, ಗಾಳಿಯ ತೇವ ಹೀರಿ, ಇಲ್ಲದ ದಾರಿಯಲ್ಲಿ ವಿದ್ಯುತ್ತನ್ನು ಬಿಡುತ್ತಿತ್ತು. ಕಡಲೆ ಹುರಿಯುತ್ತಿದ್ದುದು ಅದೇ.

ಅದನ್ನು ತೊಳೆದು ತೆಗೆಯುವುದು ಸುಲಭ. ಸೈನ್ಯದಲ್ಲಾದರೆ ಡಬ್ಬದಲ್ಲಿ ಸ್ಪಿರಿಟ್ ಬರುತ್ತಿತ್ತು, ಬ್ರಷ್ಷಿನಲ್ಲಿ ಅದ್ದಿ ಉಜ್ಜಿದರಾಯಿತು. ಸ್ಪಿರಿಟ್ ಎಂದರೆ ಆಲ್ಕೋಹಾಲು. ಆಲ್ಕೋಹಾಲು ಎಂದರೆ, ಆ ಕಾಲದ ನಮ್ಮ ಜಿಲ್ಲೆಯಲ್ಲಿ, ಜೈಲು. ಪಾನನಿರೋಧ ಇನ್ನೂ ಗಟ್ಟಿಯಾಗಿದ್ದ ವರ್ಷಗಳು ಅವು. ಪರವಾನಗಿ ಇಲ್ಲದವನ ಮನೆಯಲ್ಲಿ ಸೀಸೆ ಸಿಕ್ಕಿದರೆ, 'ಇದು ರೇಡಿಯೋಗೆ' ಎಂಬ ಮಾತನ್ನು ಯಾವ ಪೊಲೀಸರು ನಂಬುತ್ತಾರೆ? ಅದೂ ಪಾನನಿರೋಧ ಸಮಿತಿಯ ಅಧ್ಯಕ್ಷರ ರೇಡಿಯೋಗೆ!

ಆದ್ದರಿಂದ ಸುಧಾಕರ ಮೊದಲು ಧರ್ಮಮಾರ್ಗವನ್ನೇ ಹಿಡಿದ. ಹಿಂದಿನ ಮಳೆಗೆ ಸತ್ತುಹೋದ ಒಂದು ರೇಡಿಯೋದ ಹಲಗೆ ಅವನಲ್ಲಿತ್ತು. ಅದರ ಮೇಲೆ ಬೇಕೆಂದೇ ಫ್ಲಕ್ಸ್ ಮೆತ್ತಿ, ಪೆಟ್ರೋಲಿನಲ್ಲಿ ತೊಳೆದು ನೋಡಿದ. ಅಂಟು ಅರ್ಧ ಹೋಯಿತು, ಉಳಿದರ್ಧ ಎಲ್ಲ ಕಡೆ ಹರಡಿತು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಗುಂಡಿ ಮೆತ್ತಗಾಗಿ ಬೆರಳಚ್ಚು ಹಿಡಿದುಕೊಂಡಿತು. ಸೀಮೆಎಣ್ಣೆ ಹಾಕಿದ. ಅದು ತಾನೇ ಒಣಗಲಿಲ್ಲ.

ಪಕ್ಕದ ಕಟ್ಟಡದಲ್ಲಿ ಕುರ್ಚಿ ಮೇಜು ಮಾಡಿಸಿ ಮಾರುವ ಹಸನಬ್ಬರಲ್ಲಿ ಪಾಲಿಶ್ ಕೆಲಸಕ್ಕೆಂದು ಸ್ಪಿರಿಟ್ ಇರುತ್ತಿತ್ತು, ಪರವಾನಗಿ ಸಮೇತ. ಸುಧಾಕರ ದನಿ ತಗ್ಗಿಸಿ ಕೇಳಿದ.

"ಅದು ಕುಡಿದರೆ ಕಣ್ಣು ಹೋಗ್ತದೆ ಮಾರಾಯ್ರೆ," ಎಂದರು ಹಸನಬ್ಬ.

"ಕುಡೀಲಿಕ್ಕೆ ಅಲ್ಲ ಹಸನಬ್ಬ. ರೇಡಿಯೋ ತೊಳೀಲಿಕ್ಕೆ."

"ಕೇಳಿದವರೆಲ್ಲ ಕುಡೀಲಿಕ್ಕೆ ಅಲ್ಲ ಅಂತಲೇ ಹೇಳುವುದು. ಒಬ್ಬರು ಗಾಯಕ್ಕೆ ಅಂದರು. ಒಬ್ಬರು ಆನೆಗೆ ಅಂದರು. ರೇಡಿಯೋಗೆ ಅಂತ ಹೇಳಿದವರು ನೀವೇ ಮೊದಲು." ಹಸನಬ್ಬ ಅವನ ಮುಖವನ್ನು ಬಹಳ ಕನಿಕರದಿಂದ ನೋಡಿದರು. ಹುಟ್ಟಿದಂದಿನಿಂದ ಹನಿ ಮುಟ್ಟದವರು ಅವರು. ಮುಟ್ಟುವವರ ಮೇಲೆ ಸಿಟ್ಟಿಗಿಂತ ಮರುಕವೇ ಹೆಚ್ಚು. "ಬರೀ ಸ್ಪಿರಿಟ್ ಕೊಡುವುದಿಲ್ಲ. ಅರಗು ಕರಗಿಸಿದ ಪಾಲಿಶ್ ಬೇಕಾದರೆ ಸ್ವಲ್ಪ ತಕ್ಕೊಳ್ಳಿ. ಅದನ್ನು ಯಾರಿಂದಲೂ ಕುಡೀಲಿಕ್ಕೆ ಆಗುವುದಿಲ್ಲ."

ಅದನ್ನು ಬಳಿದ ಹಲಗೆ ಫಳಫಳ ಹೊಳೆಯಿತು. ಫ್ಲಕ್ಸ್ ಹೋಗಿರಲಿಲ್ಲ, ಅರಗಿನ ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಬೊಂಬೆಯ ಹಾಗೆ ಸುಖವಾಗಿ ಕೂತಿತ್ತು.

ಬಳಿಕ ಪರಿಚಯದ ಕಂಪೌಂಡರ್ ಒಬ್ಬರ ಕೈಕಾಲು ಹಿಡಿದು, ಸೂಜಿ ಚುಚ್ಚುವ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ಟನ್ನು ಹತ್ತಿಯಲ್ಲಿ ಅದ್ದಿಸಿಕೊಂಡು ತಂದ. ಇದು ಅಂಟನ್ನು ಚೆನ್ನಾಗಿ ಕರಗಿಸಿತು. ಆದರೆ ಚರ್ಮ ಒಡೆಯಬಾರದೆಂದು ಅದಕ್ಕೆ ಹರಳೆಣ್ಣೆ ಸೇರಿಸಿರುತ್ತಾರಂತೆ. ರಾಳ ಹೋಗಿ ಎಣ್ಣೆ ಬಂತು. ದೂಳೆಲ್ಲ ಬಂದು ಅದಕ್ಕೆ ಹಿಡಿದುಕೊಂಡಿತು.

ಕಟ್ಟಕಡೆಗೆ, ಹೇಳಲು ಸಂಕೋಚವಾಗುತ್ತದೆ, ಅವನು ಜಲಜಾಕ್ಷಿಯ ಟ್ರಂಕಿಗೆ ಕೈ ಹಾಕಿದ. ಅಲ್ಲಿ ಸೀರೆಗಳ ನಡುವೆ ಅವಳ ಅಣ್ಣ ಬೊಂಬಾಯಿಯಿಂದ ತಂದುಕೊಟ್ಟ ಕೊಲೋನಿನ ಸೀಸೆ ಇತ್ತು. ಅದೂ ಆಲ್ಕೋಹಾಲೇ. ಅಂಟು ಹೋಯಿತು, ಎಣ್ಣೆಯ ಜಿಡ್ಡೂ ಕಾಣಲಿಲ್ಲ. ಆದರೆ ಆ ಹಲಗೆಯಿಂದ ಮದುಮಗಳ ಕೋಣೆಯ ಪರಿಮಳ ಎದ್ದು ಅಂಗಡಿಯನ್ನೆಲ್ಲ ತುಂಬಿತು. ಬಸ್ಸಿಗೆ ಕಾಯುತ್ತಿದ್ದವರು ಮೂಗರಳಿಸಿ ಒಳಗೆ ಇಣುಕಿ ನೋಡಿದರು. ಸಮಿತಿಯ ಅಧ್ಯಕ್ಷರು ಇಂಥ ರೇಡಿಯೋವನ್ನು ಹೆಗಲಿಗೆ ಹಾಕಿಕೊಂಡು ನಾರಾವಿಯ ಪೇಟೆಯಲ್ಲಿ ನಡೆದರೆ ಏನಾದೀತು ಎಂದು ಯೋಚಿಸಿ ಸುಧಾಕರ ಸೀಸೆಯನ್ನು ಸೀರೆಗಳ ನಡುವೆ ಮೊದಲಿನಂತೆ ಮಲಗಿಸಿದ.

ಉಳಿದದ್ದು ಶುದ್ಧ ಸ್ಪಿರಿಟ್. ಅದು ಕಾನೂನಿನ ಪ್ರಕಾರ ಇರುವುದು ಹೋಮಿಯೋಪತಿಯವರಲ್ಲಿ. ಸುಧಾಕರ ಸತ್ತ ಹಲಗೆಯನ್ನೂ ಮಾವನ ರೇಡಿಯೋವನ್ನೂ ಚೀಲಕ್ಕೆ ಹಾಕಿಕೊಂಡು ಮೂಡುಬಿದಿರೆಯ ಡಾಕ್ಟರ್ ಉಪೇಂದ್ರ ಪೈಯವರಲ್ಲಿಗೆ ಹೋಗಿ, ರೋಗಿಗಳ ಸಾಲಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಹೋದ.

"ತೊಂದರೆ ಯಾರಿಗೆ?"

"ಇದಕ್ಕೆ, ಡಾಕ್ಟ್ರೇ." ಸುಧಾಕರ ರೇಡಿಯೋವನ್ನು ಮೇಜಿನ ಮೇಲಿಟ್ಟ.

ಪೈಯವರು ನಗಲಿಲ್ಲ. ಕನ್ನಡಕ ಏರಿಸಿಕೊಂಡು ಅದನ್ನು ಮುಂದಿನಿಂದ ಹಿಂದಿನಿಂದ ನೋಡಿದರು. "ಎಂಥ ಆಗ್ತದೆ?"

"ಕರಕರ."

"ಯಾವಾಗಿನಿಂದ?"

"ಮಳೆ ಶುರುವಾದ ಮೇಲೆ."

"ಬೆಳಿಗ್ಗೆ ಹೆಚ್ಚಾ, ಸಂಜೆಗೆ ಹೆಚ್ಚಾ?"

"ಬೆಳಿಗ್ಗೆ ಹೆಚ್ಚು. ಮಧ್ಯಾಹ್ನ ಬಿಸಿಲು ಬಂದರೆ ಸ್ವಲ್ಪ ಆರಾಮ."

"ಅಳು, ಹೆದರಿಕೆ, ಸಿಟ್ಟು ಹೀಗೆ ಏನಾದರೂ ಉಂಟಾ?"

"ಸಿಲೋನ್ ಸ್ಟೇಷನ್ ಹಿಡಿಯುವಾಗ ಸ್ವಲ್ಪ ಅಳ್ತದೆ."

ಪೈಯವರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಸುಧಾಕರ ಫ್ಲಕ್ಸಿನ ಕಥೆಯನ್ನೆಲ್ಲ ಹೇಳಿದ. ಪೆಟ್ರೋಲು, ಪಾಲಿಶು, ಹರಳೆಣ್ಣೆ, (ಹೆಂಡತಿಯ ಹೆಸರು ತೆಗೆಯದೆ) ಕೊಲೋನು. ಡಾಕ್ಟರು ಕೊನೆಗೆ ಕಣ್ಣು ತೆರೆದು ಕಪಾಟಿನಿಂದ ಒಂದು ಸಣ್ಣ ಸೀಸೆ ತೆಗೆದರು.

"ನಿಮ್ಮ ತಪ್ಪು ಎಲ್ಲಿ ಗೊತ್ತುಂಟಾ? ನೀವು ಯಾವುದು ಕರಗಿಸ್ತದೆ ಅಂತ ಮಾತ್ರ ನೋಡಿದಿರಿ. ಕರಗಿಸುವವು ಬೇಕಾದಷ್ಟು ಉಂಟು. ತಾನು ಹೋಗುವಾಗ ಏನು ಬಿಟ್ಟು ಹೋಗ್ತದೆ, ಅದನ್ನು ನೋಡಬೇಕು. ಇದಕ್ಕೆ ಬಣ್ಣ ಇಲ್ಲ, ಎಣ್ಣೆ ಇಲ್ಲ, ಪರಿಮಳಕ್ಕೆ ಏನೂ ಸೇರಿಸಿದ್ದಿಲ್ಲ. ಮುಚ್ಚಳ ಮಾತ್ರ ಗಟ್ಟಿ ಹಾಕಿ. ಇಲ್ಲದಿದ್ದರೆ ಮಳೆಗಾಲದ ಗಾಳಿಯಿಂದ ನೀರು ಕುಡೀತದೆ. ನೀರು ಹೆಚ್ಚಾದರೆ ಒರೆಸಿದಲ್ಲಿ ಬಿಳಿ ಮಂಜು ಉಳೀತದೆ." ಆಮೇಲೆ, ತಮ್ಮ ಪರವಾನಗಿಯ ಆತ್ಮಕ್ಕೆ ಸಮಾಧಾನ ಹೇಳುವವರಂತೆ ಸೇರಿಸಿದರು: "ಔಷಧಕ್ಕೆ ಅಂತ ನನಗೆ ಕೊಟ್ಟದ್ದು. ರೋಗಿ ಬಂದಿದೆ, ಲಕ್ಷಣ ಹೇಳಿ ಆಗಿದೆ. ಕೊಡುವುದರಲ್ಲಿ ತಪ್ಪು ಕಾಣುವುದಿಲ್ಲ."

ಸುಧಾಕರ ಆ ಸೀಸೆಯನ್ನು ಅಂಗಡಿಯಲ್ಲಿದ್ದ ಒಂದು ಹಳೆಯ ವಾಲ್ವ್ ರೇಡಿಯೋದ ಹೊಟ್ಟೆಯಲ್ಲಿ ಅಡಗಿಸಿಟ್ಟ. ಅದಕ್ಕಿಂತ ಭದ್ರವಾದ ಜಾಗ ಲೋಕದಲ್ಲಿಲ್ಲ ಎಂದುಕೊಂಡಿದ್ದ. ಜಲಜಾಕ್ಷಿ ಅದೇ ಮಧ್ಯಾಹ್ನ ಜೇಡ ತೆಗೆಯಲು ಪೊರಕೆ ಹಿಡಿದು ಬಂದಳು.

"ಇದು ಎಂಥ?" ಸೀಸೆ ಅವಳ ಬೆರಳುಗಳ ನಡುವೆ ನೇತಾಡುತ್ತಿತ್ತು.

"ಮದ್ದು."

ಅವಳು ಮುಚ್ಚಳ ತೆಗೆದು ಮೂಸಿದಳು. "ಮದ್ದಾ, ಮದ್ಯವಾ? ಒತ್ತಕ್ಷರ ಸರಿ ಮಾಡಿ ಹೇಳಿ."

"ಮುಚ್ಚಳ ಹಾಕು ಮಾರಾಯ್ತಿ, ನೀರು ಕುಡೀತದೆ ಅದು!"

"ಅದು ನೀರು ಕುಡೀತದೆ. ನೀವು ಅದನ್ನು ಕುಡೀತೀರಿ. ಈಗ ಎಲ್ಲ ಅರ್ಥ ಆಯ್ತು. ಮೊನ್ನೆ ಪೆಟ್ರೋಲ್ ನಾತ, ಆಮೇಲೆ ಆಸ್ಪತ್ರೆ ನಾತ, ನಿನ್ನೆ ನನ್ನ ಕೊಲೋನಿನ ಪರಿಮಳ. ನಾನು ಎಂಥ ಗ್ರಹಿಸಿದೆ ಗೊತ್ತಾ? ಇವರಿಗೆ ಇನ್ನೊಬ್ಬಳು ಸಿಕ್ಕಿದ್ದಾಳೆ, ಅವಳು ನರ್ಸು, ಅವಳ ಅಪ್ಪ ಬಸ್ಸಿನ ಡ್ರೈವರು ಅಂತ ಗ್ರಹಿಸಿದೆ."

"ಅಷ್ಟು ದೂರ ಹೋಗುವ ಬದಲು ನನ್ನಲ್ಲೇ ಕೇಳಬಹುದಿತ್ತಲ್ಲ?"

"ಕೇಳಿದರೆ ನೀವು ಮದ್ದು ಅಂತೀರಿ!"

ಸುಧಾಕರ ಸೈನ್ಯದಲ್ಲಿ ಮೇಲಧಿಕಾರಿಗಳೆದುರು ನಿಲ್ಲುತ್ತಿದ್ದ ಹಾಗೆ ನಿಂತು ಮೊದಲಿನಿಂದ ಕೊನೆಯವರೆಗೆ ವರದಿ ಒಪ್ಪಿಸಿದ. ಹಲಗೆಯನ್ನು ತೋರಿಸಿದ, ಭೂತಗನ್ನಡಿ ಕೊಟ್ಟು ಕಂದು ಅಂಟನ್ನು ತೋರಿಸಿದ. ಅವಳು ನೋಡಿದಳು, ನಂಬಿದಳು. ನಂಬಿದ ಮೇಲೆ ನಗುತ್ತಾಳೆಂದು ಅವನು ಕಾದ. ಅವಳು ನಗಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂತಳು.

"ಅಪ್ಪನ ರೇಡಿಯೋಗೆ ಇದು ಬೇಡ," ಎಂದಳು.

"ಯಾಕೆ? ಸಮಿತಿಯವರಿಗೆ ಯಾರು ಹೇಳ್ತಾರೆ?"

"ಸಮಿತಿ ಅಲ್ಲ. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅಪ್ಪ ಮೊದಲು ಕುಡೀತಿದ್ದರು. ತುಂಬ. ಕಾನೂನು ಬರುವ ಮೊದಲೇ ಬಿಟ್ಟರು. ನನಗೆ ಟೈಫಾಯ್ಡ್ ಆಗಿ ಬದುಕುವುದಿಲ್ಲ ಅಂತ ಆಗಿತ್ತಲ್ಲ, ಆಗ. ಯಾರ ಹತ್ತಿರವೂ ಹೇಳಲಿಲ್ಲ, ದೇವರಿಗೆ ಹರಕೆಯೂ ಹೇಳಲಿಲ್ಲ. ಬಿಟ್ಟರು, ಅಷ್ಟೇ." ಅವಳು ಸೀಸೆಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದಳು. "ಆಮೇಲೆ ಎಷ್ಟೋ ಕಾಲ ಸಂಜೆ ಆದರೆ ಅವರಿಗೆ ಕೂರಲಿಕ್ಕೆ ಆಗ್ತಿರಲಿಲ್ಲ. ಅಂಗಳದಲ್ಲಿ ಆ ಕಡೆಯಿಂದ ಈ ಕಡೆ ನಡೀತಾ ಇರ್ತಿದ್ದರು. ನಾನು ಕಿರುಬೆರಳು ಹಿಡ್ಕೊಂಡು ಜೊತೆಗೆ ನಡೀತಿದ್ದೆ. ಎಲ್ಲಿಗೆ ಹೋಗುವುದಪ್ಪಾ ಅಂತ ಕೇಳಿದರೆ, ಕತ್ತಲೆ ಆಗುವವರೆಗೆ ಹೋಗುವ ಮಗಾ, ಅಂತಿದ್ದರು."

ಎದುರಿನಲ್ಲಿ ಬಸ್ಸು ಬಂದು ನಿಂತು, ಜನರನ್ನು ಇಳಿಸಿ, ಹೊರಟುಹೋಯಿತು.

"ಈ ರೇಡಿಯೋ ಬಂದ ಮೇಲೆ ಸಂಜೆ ಹೊತ್ತು ಕೂತಲ್ಲಿ ಕೂರ್ತಾರೆ. ಅದಕ್ಕೇ ಅಣ್ಣ ಕಳಿಸಿದ್ದು. ಅದರಿಂದಲೇ ಆ ವಾಸನೆ ಬಂದರೆ?"

ಮಾವನ ಮೌನವನ್ನು ಸುಧಾಕರ ಇಷ್ಟು ವರ್ಷ ತನ್ನ ಮೇಲಿನ ಅಸಮಾಧಾನ ಎಂದೇ ಓದಿಕೊಂಡಿದ್ದ. ಅದು ಕೆಲವೊಮ್ಮೆ ಬರಿಯ ಸಂಜೆಯೂ ಆಗಿದ್ದಿರಬಹುದು ಎಂದು ಅವನಿಗೆ ಈಗ ಹೊಳೆಯಿತು. ಹೊಳೆದ ಮೇಲೆ ಕರಕರ ಸದ್ದು ಮೊದಲಿಗಿಂತ ಹೆಚ್ಚು ಅಸಹನೀಯವಾಯಿತು. ಕಡಲೆ ಹುರಿಯುವ ರೇಡಿಯೋದ ಮುಂದೆ ಆ ಮನುಷ್ಯ ಎಷ್ಟು ಹೊತ್ತು ಕೂತಾರು?

"ಜಲಜಾ, ಡಾಕ್ಟ್ರು ಹೇಳಿದ್ದು ನಿಜವಾ ಅಂತ ನೋಡುವ. ಹೋಗುವಾಗ ಏನೂ ಬಿಟ್ಟು ಹೋಗದಿದ್ದರೆ ವಾಸನೆಯೂ ಉಳಿಯಬಾರದಲ್ಲ. ನಿನ್ನ ಕನ್ನಡಿ ಕೊಡು."

ಕನ್ನಡಿ ಅವಳ ಮದುವೆಯದು. ಕೊಡುವಾಗ ಅವಳು ಮುಖ ಸಿಂಡರಿಸಿದಳಾದರೂ ಕೊಟ್ಟಳು. ಸುಧಾಕರ ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ತನ್ನಲ್ಲಿದ್ದ ಎಲ್ಲ ದ್ರವಗಳಿಂದಲೂ ಒಂದೊಂದು ಹನಿ ಸಾಲಾಗಿ ಇಟ್ಟ. ಇಬ್ಬರೂ ಎರಡು ಬದಿಯಲ್ಲಿ ಕೂತು ಕಾದರು. ಮದುವೆಯಾದಂದಿನಿಂದ ಆ ಕನ್ನಡಿಯಲ್ಲಿ ಇಬ್ಬರ ಮುಖವೂ ಒಟ್ಟಿಗೆ ಕಂಡದ್ದು ಅದೇ ಮೊದಲು ಎಂದು ಅವಳಿಗೆ ಅನ್ನಿಸಿತು. ಆದರೆ ಅವನು ನೋಡುತ್ತಿದ್ದುದು ಹನಿಗಳನ್ನು.

ಪೆಟ್ರೋಲು ಹೋಗುವಾಗ ಸಣ್ಣ ಕಾಮನಬಿಲ್ಲೊಂದನ್ನು ಬಿಟ್ಟುಹೋಯಿತು. ಪಾಲಿಶು ಹೋಗಲೇ ಇಲ್ಲ, ಹಳದಿ ಪೊರೆಯಾಯಿತು. ಆಸ್ಪತ್ರೆಯ ಹತ್ತಿಯನ್ನು ಹಿಂಡಿದ ಹನಿ ಬೆರಳಿಗೆ ಜಾರುವ ಜಿಡ್ಡಾಯಿತು. ಕೊಲೋನು ಮಾಯವಾಯಿತು, ಪರಿಮಳ ಮಾತ್ರ ತನಗೇ ಮನೆ ಬರೆದುಕೊಟ್ಟಿದ್ದಾರೆ ಎಂಬಂತೆ ನಿಂತುಕೊಂಡಿತು. ಪೈಯವರ ಹನಿ ಯಾವಾಗ ಹೋಯಿತೆಂದೇ ಗೊತ್ತಾಗಲಿಲ್ಲ. ಜಲಜಾಕ್ಷಿ ಬಗ್ಗಿ ಆ ಜಾಗವನ್ನು ಮೂಸಿದಳು. ಸ್ವಲ್ಪ ತಡೆದು ಮತ್ತೆ ಮೂಸಿದಳು. ಏನೂ ಇಲ್ಲ. ಬೆರಳಿಂದ ಒರೆಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಮಂಜೂ ಇಲ್ಲ.

"ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ," ಎಂದಳು. "ನಮ್ಮ ಮನೆಗೆ ಬರುವ ನಿಮ್ಮ ನೆಂಟರಲ್ಲಿ ಒಬ್ಬರಾದರೂ ಹೀಗಿದ್ದಾರಾ?"

ಅನುಮತಿ ಸಿಕ್ಕಿತು ಎಂದು ಸುಧಾಕರ ಇದರಿಂದಲೇ ತಿಳಿದುಕೊಂಡ. ಇದ್ದಿಲ ಒಲೆಯನ್ನು ಹಿತ್ತಲಿಗೆ ಸಾಗಿಸಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನ ಕೂದಲನ್ನು ಗಿಡ್ಡ ಕತ್ತರಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ ಮಾವನ ಹಲಗೆಯನ್ನು ಉಜ್ಜಿದ. ಕಂದು ಅಂಟು ಕರಗಿ ಓಡಿತು. ಅದು ಬೇರೆ ಕಡೆ ಹೋಗಿ ಕೂರುವ ಮೊದಲೇ ಜಲಜಾಕ್ಷಿ ತನ್ನ ಹಳೆಯ ವಾಯಿಲ್ ಸೀರೆಯ ತುಂಡಿನಿಂದ ಅದನ್ನು ಹೀರಿ ತೆಗೆದಳು. ಹೊಸ ಹನಿ, ಹೊಸ ತುಂಡು. ಕೊನೆಗೆ ತಾಮ್ರದ ಗೆರೆಗಳು ಆಗ ತಾನೇ ಮಿಂದು ಬಂದವುಗಳಂತೆ ಹೊಳೆದವು. ರೇಡಿಯೋ ಜೋಡಿಸಿ ಕಿವಿ ತಿರುಗಿಸಿದರೆ ಬೆಂಗಳೂರು ಪಕ್ಕದ ಕೋಣೆಗೆ ಬಂದು ಕೂತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಕೆಲಸ ಚೆನ್ನಾಗಿ ಆದ ಮನುಷ್ಯನ ಕೈ ಸುಮ್ಮನಿರುವುದಿಲ್ಲ. ಜಲಜಾಕ್ಷಿ ಒಳಗೆ ಹೋದ ಮೇಲೆ ಸುಧಾಕರನ ಕಣ್ಣು ರೇಡಿಯೋದ ತೊಗಲಿನ ಚೀಲದ ಮೇಲೆ ಬಿತ್ತು. ಮಳೆಗೆ ಅದಕ್ಕೆ ಬೂಷ್ಟು ಹಿಡಿದಿತ್ತು. ಸೀಸೆಯ ತಳದಲ್ಲಿ ಸ್ಪಿರಿಟ್ ಉಳಿದಿತ್ತು. ಸುರಿದು ಒಳಗೂ ಹೊರಗೂ ಚೆನ್ನಾಗಿ ಒರೆಸಿದ. ಬೂಷ್ಟು ಹೋಯಿತು, ತೊಗಲು ಹೊಸದಾಯಿತು. ಕನ್ನಡಿ ಮತ್ತು ತಾಮ್ರ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ, ತೊಗಲು ಹಾಗಲ್ಲ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಮರುದಿನವೇ ಹೆಗ್ಡೆಯವರು ಬಂದರು. ರೇಡಿಯೋವನ್ನು ಚೀಲ ಸಮೇತ ಎತ್ತಿ ಕಿವಿಗೆ ಹಿಡಿದರು. ವಾರ್ತೆ ಸ್ಫಟಿಕದಂತೆ ಬರುತ್ತಿತ್ತು. ಅವರು ಕೇಳುತ್ತ ಕೇಳುತ್ತ ಹಠಾತ್ತನೆ ಉಸಿರು ಹಿಡಿದು ನಿಂತದ್ದನ್ನು ಸುಧಾಕರ ನೋಡಿದ. ರೇಡಿಯೋ ಕಿವಿಯಿಂದ ನಿಧಾನವಾಗಿ ಕೆನ್ನೆಗೆ ಬಂತು, ಕೆನ್ನೆಯಿಂದ ಇನ್ನೂ ಸ್ವಲ್ಪ ಮುಂದಕ್ಕೆ. ಸುಧಾಕರ ಬಾಗಿಲ ಬಳಿ ನಿಂತಿದ್ದ ಹೆಂಡತಿಯ ಮುಖವನ್ನು ನೋಡುವ ಧೈರ್ಯ ಮಾಡಲಿಲ್ಲ.

"ಹೊಸದರ ಹಾಗೆ ಉಂಟು," ಎಂದರು ಹೆಗ್ಡೆಯವರು. ರೇಡಿಯೋವನ್ನು ಹೆಗಲಿಗೆ ಹಾಕಿ, ಕೊಡೆ ತೆಗೆದುಕೊಂಡು ನಡೆದರು.

"ನೋಡಿದಿರಾ, ಅಪ್ಪನಿಗೆ ಎಷ್ಟು ಖುಷಿ ಆಯ್ತು!" ಎಂದು ಜಲಜಾಕ್ಷಿ ಆ ರಾತ್ರಿ ಪಾಯಸ ಮಾಡಿದಳು. ಸುಧಾಕರ ತನ್ನ ಪಾಯಸವನ್ನೂ ಅವಳಿಗೇ ಬಡಿಸಿದ.

ಒಂದು ವಾರದ ಮೇಲೆ ಹೆಗ್ಡೆಯವರು ಮತ್ತೆ ಬಂದು ಬೆಂಚಿನ ಮೇಲೆ ಕೂತರು. ಮಗಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೊತ್ತು. ಅವರು ರೇಡಿಯೋವನ್ನು ಮೇಜಿನ ಮೇಲಿಟ್ಟರು.

"ಸ್ವಲ್ಪ ಕರಕರ ಉಂಟು."

ಸುಧಾಕರ ಹಚ್ಚಿ ನೋಡಿದ. ಕೇಳಿದ. ಇನ್ನೊಂದು ಕಿವಿಯಿಂದ ಕೇಳಿದ. "ಇಲ್ಲವಲ್ಲ ಮಾವ?"

"ಉಂಟು," ಎಂದರು ಹೆಗ್ಡೆಯವರು ಕಿಟಕಿಯ ಹೊರಗೆ ನೋಡುತ್ತ. "ಕಳೆದ ಸಲ ಯಾವುದರಲ್ಲಿ ಒರೆಸಿದಿರೋ ಅದರಲ್ಲೇ ಇನ್ನೊಮ್ಮೆ ಒರೆಸಿ."

ಸುಧಾಕರ ಅಲ್ಲೇ ಒಪ್ಪಿಕೊಂಡುಬಿಟ್ಟ. ತಪ್ಪಾಯಿತು ಮಾವ, ಚೀಲಕ್ಕೆ ಹಾಕಬಾರದಿತ್ತು, ನನಗೆ ಗೊತ್ತಾಗಲಿಲ್ಲ, ಜಲಜಾ ಎಲ್ಲ ಹೇಳಿದ್ದಾಳೆ. ಹೆಗ್ಡೆಯವರು ಕೈ ಎತ್ತಿ ತಡೆದರು.

"ಹೆದರಬೇಡಿ ಮಾರಾಯ್ರೆ. ಕುಡಿಯುವ ಆಸೆ ಅಲ್ಲ. ಅದು ಹೋಗಿ ಎಷ್ಟೋ ಕಾಲ ಆಯ್ತು." ಅವರು ಮಾತಿಗಾಗಿ ಹುಡುಕಿದರು, ಅಭ್ಯಾಸ ಇಲ್ಲದ ಕೆಲಸ. "ಕುಡಿಯುವುದು ಬಿಟ್ಟಾಗ ಜೊತೆಗೆ ಕೂರುತ್ತಿದ್ದವರನ್ನೂ ಬಿಟ್ಟೆ. ಬಿಡದೆ ಆಗ್ತಿರಲಿಲ್ಲ. ಹುಕ್ರಪ್ಪ ಅಂತ ಇದ್ದ. ಎಂಥ ಮಾತುಗಾರ ಅವನು! ಈಗ ಒಬ್ಬರೂ ಇಲ್ಲ. ಮೊನ್ನೆ ಇದನ್ನು ಹಿಡಿದಾಗ ಅವರೆಲ್ಲ ಬಂದು ಕೂತ ಹಾಗೆ ಆಯ್ತು. ಮೂಗಿನ ಹತ್ತಿರ ಬಂದು ಹೋಗಲಿ. ಕೆಳಗೆ ಇಳಿಯಲಿಕ್ಕೆ ನಾನು ಬಿಡುವುದಿಲ್ಲ."

ಸುಧಾಕರ ಸ್ವಲ್ಪ ಹೊತ್ತು ಯೋಚಿಸಿದ. ಹೆಂಡತಿ ಹೇಳಿದ ಮಾತು ಒಂದು ಕಡೆ, ಎದುರಿಗೆ ಕೂತ ಮನುಷ್ಯ ಇನ್ನೊಂದು ಕಡೆ. ಚೀಲವನ್ನು ನೆನೆಸಿ ಕಳಿಸಿದರೆ ಇವರು ಒಬ್ಬರೇ ಅದನ್ನು ಹಿಡಿದುಕೊಂಡು ಸಂಜೆ ಕೂರುತ್ತಾರೆ. ಅದು ಅವನಿಗೆ ಸರಿ ಕಾಣಲಿಲ್ಲ. ಆಗುವುದಿಲ್ಲ ಎಂದು ಕಳಿಸುವುದೂ ಸರಿ ಕಾಣಲಿಲ್ಲ.

"ಚೀಲಕ್ಕೆ ಬೇಡ ಮಾವ," ಎಂದ. "ಹಲಗೆ ಇಲ್ಲೇ ಬಿಚ್ಚುತ್ತೇನೆ. ನೀವು ಕೂತುಕೊಳ್ಳಿ. ಒಣಗುವವರೆಗೆ ಮಾತಾಡುವ."

ಪೈಯವರ ಸೀಸೆಯಲ್ಲಿ ಇನ್ನೂ ಕೆಲವು ಹನಿ ಉಳಿದಿದ್ದವು. ಸುಧಾಕರ ಹಲಗೆಯನ್ನು ಸುಮ್ಮನೆ ಒರೆಸಿ ಮೇಜಿನ ಮೇಲಿಟ್ಟ. ಒಣಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಆದರೆ ಹೆಗ್ಡೆಯವರು ಹುಕ್ರಪ್ಪ ಒಮ್ಮೆ ಬಂಟ್ವಾಳದ ಹೊಳೆಯಲ್ಲಿ ದೋಣಿಯವನ ಜೊತೆ ಜಗಳವಾಡಿ ನಡುನೀರಿನಲ್ಲಿ ಇಳಿದು ನಡೆದ ಕಥೆ ಹೇಳುತ್ತಿದ್ದರು, ಅದು ಮುಗಿಯುವವರೆಗೆ ಹಲಗೆ ಒಣಗಲಿಲ್ಲ. ಮಾವ ಹೀಗೆ ನಗುತ್ತಾರೆಂಬುದು ಸುಧಾಕರನಿಗೆ ಗೊತ್ತಿರಲಿಲ್ಲ. ಮಾವನ ಬಾಯಿಂದ ಅವನು ಕೇಳಿದ ಮೊದಲ ಕಥೆ ಅದು.

ಅಲ್ಲಿಂದ ಹೆಗ್ಡೆಯವರ ರೇಡಿಯೋ ವಾರಕ್ಕೊಮ್ಮೆ ತಪ್ಪದೆ ಕೆಡತೊಡಗಿತು. ಸುಧಾಕರ ಪೈಯವರಿಂದ ಮತ್ತೆ ಮತ್ತೆ ಸೀಸೆ ತಂದ. (ರೋಗ ಹಳತಾದದ್ದು, ನಿಧಾನವಾಗಿ ಗುಣವಾಗಬೇಕು ಎಂದು ಅವರೇ ಧೈರ್ಯ ಹೇಳಿದರು.) ಮಾವ ಅಳಿಯ ಬೆಂಚಿನ ಮೇಲೆ ಕೂತು ನಗುವ ಸದ್ದು ಹಸನಬ್ಬರ ಅಂಗಡಿಗೂ ಕೇಳಿಸಿತು. ಆದರೆ ಪೇಟೆಯವರಿಗೆ ಕಂಡದ್ದು ಬೇರೆ: ಸ್ವಂತ ಮಾವನ ರೇಡಿಯೋವನ್ನು ಎಷ್ಟು ಸಲ ಬಿಚ್ಚಿದರೂ ಈ ಶೆಟ್ಟಿಗೆ ಸರಿ ಮಾಡಲು ಬರುವುದಿಲ್ಲ. ಟ್ರಾನ್ಸಿಸ್ಟರ್ ಇದ್ದವರು ಒಬ್ಬೊಬ್ಬರಾಗಿ ಅವನ್ನು ಬೇರೆ ಪೇಟೆಗೆ ಒಯ್ಯತೊಡಗಿದರು. ಎದುರಿನ ಬಸ್ಸು ಹತ್ತಿ, ಅವನ ಕಣ್ಣೆದುರೇ.

ಜಲಜಾಕ್ಷಿಗೆ ತಾಳ್ಮೆ ತಪ್ಪಿದ್ದು ದೀಪಾವಳಿಯ ಊಟಕ್ಕೆ ಹೆಗ್ಡೆಯವರು ಬಂದ ದಿನ. ಬಡಿಸುತ್ತ ಬಡಿಸುತ್ತ ಅವಳು ಸೌಟನ್ನು ಅಲ್ಲೇ ನಿಲ್ಲಿಸಿದಳು.

"ಅಪ್ಪಾ, ನನಗೆ ನಾಚಿಕೆ ಆಗ್ತದೆ. ಇವರಿಗೆ ಆ ಸಣ್ಣ ರೇಡಿಯೋದ ಕೆಲಸ ಬರುವುದಿಲ್ಲ ಅಂತ ಊರಿಗೆಲ್ಲ ಗೊತ್ತಾಯ್ತು. ನೀವು ಎಷ್ಟು ಸಲ ಅಂತ ಮಳೆಯಲ್ಲಿ ಹೊತ್ತುಕೊಂಡು ಬರುವುದು? ಒಮ್ಮೆ ಮಂಗಳೂರಿನಲ್ಲಿ ಗೊತ್ತಿದ್ದವರ ಹತ್ತಿರ ಕೊಡಿ."

ಸುಧಾಕರ ಎಲೆಯಿಂದ ತಲೆ ಎತ್ತಿ ಮಾವನನ್ನು ನೋಡಿದ. ಒಂದು ಮಾತು ಸಾಕು, ಅವನ ಮಾನ ಉಳಿಯುತ್ತಿತ್ತು. ಆ ಮಾತನ್ನು ಮಗಳೆದುರು ಹೆಗ್ಡೆಯವರು ಆಡುವಂತಿರಲಿಲ್ಲ, ಅವನೂ ಆಡುವಂತಿರಲಿಲ್ಲ. ಹೆಗ್ಡೆಯವರು ಸಾರನ್ನದ ತುತ್ತನ್ನು ಸಾವಕಾಶವಾಗಿ ನುಂಗಿ, ಅಳಿಯನ ಕಡೆ ತುಂಬ ವಾತ್ಸಲ್ಯದಿಂದ ತಿರುಗಿದರು.

"ಇರಲಿ ಮಗಾ, ಪಾಪ," ಎಂದರು. "ಕಲೀತಾ ಇದ್ದಾರೆ. ನಾವೇ ಕೆಲಸ ಕೊಡದಿದ್ದರೆ ಅವರಿಗೆ ಇನ್ನು ಯಾರು ಕೊಡ್ತಾರೆ?"